ಕಸದ ದ್ವೀಪದ ಜೋಕು: ನಾವು ನಕ್ಕಿದ್ದು ಯಾವುದಕ್ಕೆ?

ಕೆಲವು ವರ್ಷದ ಹಿಂದೆ ಬೆಂಗಳೂರಿನ ಒಂದು ಓಪನ್ ಮೈಕ್‌ಗೆ ಹೋಗಿದ್ದೆ. ಕೆಫೆಯ ಮೇಲಿನ ಮಹಡಿ, ಮಡಚೋ ಕುರ್ಚಿಗಳು, ಹೆಚ್ಚಂದ್ರೆ ಐವತ್ತು ಜನ. ಪಕ್ಕದಲ್ಲಿ ಆಫೀಸಿನ ಗೆಳತಿ. ಅವಳು ಮಣಿಪುರದವಳು. ನಾಲ್ಕನೆಯದಾಗಿ ಮೈಕ್ ಹಿಡಿದ ಹುಡುಗ ಬೆಂಗಳೂರಿನ ಟ್ರಾಫಿಕ್, ಪಿಜಿ ಊಟ ಎಲ್ಲಾ ಮುಗಿಸಿ ಈಶಾನ್ಯದವರ ಕಡೆ ಬಂದ. ಕಣ್ಣು ಕಿರಿದು ಮಾಡಿದ, ಮೋಮೋ ಅಂದ, ನಾಯಿ ಅಂದ, ಕೊನೆಗೆ ಒಂದು ಉಚ್ಚಾರಣೆಯನ್ನು ಅಣಕಿಸಿದ. ಹಾಲ್ ನಕ್ಕಿತು. ನಾನೂ ನಕ್ಕೆ. ತಿರುಗಿ ನೋಡಿದರೆ ಗೆಳತಿಯೂ ನಗ್ತಾ ಇದ್ದಳು. ಸದ್ಯ, ಇವಳಿಗೂ ಬೇಜಾರಾಗಿಲ್ಲ ಅಂತ ನನಗೆ ಸಮಾಧಾನವಾಯಿತು.

ವಾಪಸ್ ಬರುವಾಗ ಆಟೋದಲ್ಲಿ ಅವಳನ್ನು ಕೇಳಿದೆ, ‘ಚೆನ್ನಾಗಿತ್ತಲ್ವಾ?’

‘ನಾನು ನಗದೇ ಇದ್ದಿದ್ರೆ ಎಲ್ಲರೂ ನನ್ನ ಮುಖ ನೋಡ್ತಿದ್ರು,’ ಅಂದಳು. ಅಷ್ಟೇ. ಆಮೇಲೆ ಫೋನ್ ನೋಡ್ತಾ ಕೂತಳು.

ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಅವಳ ನಗುವನ್ನು ನಾನು ಒಪ್ಪಿಗೆ ಅಂದುಕೊಂಡಿದ್ದೆ. ಅವಳಿಗೆ ಅದು ಐವತ್ತು ಜನರ ಮಧ್ಯೆ ಒಬ್ಬಳೇ ಬೇರೆಯಾಗಿ ಕಾಣದೇ ಇರೋದಕ್ಕೆ ಕಟ್ಟಿದ ಕಂದಾಯ. ‘ಸುಮ್ನೆ ತಮಾಷೆ, ಯಾಕೆ ಸೀರಿಯಸ್ ತಗೋತೀರಾ?’ ಅಂತ ಯಾರಾದರೂ ಕೇಳಿದಾಗಲೆಲ್ಲ ನನಗೆ ಆ ಆಟೋ ನೆನಪಾಗುತ್ತೆ.

ಈ ಪ್ರಶ್ನೆ ಬೆಂಗಳೂರಿನ ಒಂದು ಮಹಡಿಗೆ ಸೀಮಿತವಾದದ್ದೇನಲ್ಲ. ಈಚಿನ ವರ್ಷಗಳಲ್ಲಿ ಅದು ಅತಿ ದೊಡ್ಡದಾಗಿ ಎದ್ದದ್ದು ನ್ಯೂಯಾರ್ಕ್‌ನಲ್ಲಿ, ಒಂದು ಚುನಾವಣಾ ರ‍್ಯಾಲಿಯಲ್ಲಿ.

ಒಂಬತ್ತು ದಿನ ಮೊದಲು

2024ರ ಅಕ್ಟೋಬರ್ 27. ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಒಂಬತ್ತೇ ದಿನ ಬಾಕಿ. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಡೊನಾಲ್ಡ್ ಟ್ರಂಪ್ ಅವರ ಭಾರೀ ಸಭೆ. ಜನರನ್ನು ಬಿಸಿ ಮಾಡಲು ಶುರುವಿನಲ್ಲೇ ವೇದಿಕೆಗೆ ಬಂದದ್ದು ‘ಕಿಲ್ ಟೋನಿ’ ಪಾಡ್‌ಕಾಸ್ಟ್‌ನ ಕಾಮಿಡಿಯನ್ ಟೋನಿ ಹಿಂಚ್‌ಕ್ಲಿಫ್. ಸಮುದ್ರದ ನಡುವೆ ತೇಲುತ್ತಿರುವ ಒಂದು ಕಸದ ದ್ವೀಪ ಇದೆ, ಅದರ ಹೆಸರು ಪೋರ್ಟೊ ರಿಕೊ ಅಂತ ಅನ್ಸುತ್ತೆ ಎಂಬರ್ಥದ ಜೋಕು ಹೊಡೆದರು. ಲ್ಯಾಟಿನೋಗಳು ಮಕ್ಕಳು ಹೆರುವುದರ ಬಗ್ಗೆ ಇನ್ನೊಂದು. ಕಪ್ಪು ಜನರು ಮತ್ತು ಕಲ್ಲಂಗಡಿ ಹಣ್ಣಿನ ಬಗ್ಗೆ ಮಗದೊಂದು. ಸಭೆಯಲ್ಲಿ ನಗುವೂ ಬಂತು, ‘ಇದು ಜಾಸ್ತಿಯಾಯ್ತು’ ಎನ್ನುವ ಗೊಣಗಾಟವೂ ಬಂತು.

ಈ ಜೋಕಿನ ಕೆಳಗೆ ಏನಿದೆ ಅನ್ನೋದನ್ನು ಸ್ವಲ್ಪ ಬಿಡಿಸಿ ನೋಡೋಣ.

ಪೋರ್ಟೊ ರಿಕೊ 1898ರಿಂದ ಅಮೆರಿಕದ ಕೈಯಲ್ಲಿದೆ. ಅಲ್ಲಿಯ ಜನ 1917ರಿಂದ ಅಮೆರಿಕದ ಪ್ರಜೆಗಳು. ಆದರೂ ದ್ವೀಪದಲ್ಲಿ ಇರುವಷ್ಟು ಕಾಲ ಅವರಿಗೆ ಅಧ್ಯಕ್ಷರ ಆಯ್ಕೆಯಲ್ಲಿ ಓಟಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಮರಿಯಾ ಚಂಡಮಾರುತ ಅಪ್ಪಳಿಸಿದಾಗ ಸತ್ತವರು 64 ಜನ ಎಂದು ಸರ್ಕಾರ ಮೊದಲು ಹೇಳಿತ್ತು. ಸ್ವತಂತ್ರ ಅಧ್ಯಯನ ನಡೆದ ಮೇಲೆ ಆ ಸಂಖ್ಯೆಯನ್ನು 2,975ಕ್ಕೆ ತಿದ್ದಿಕೊಳ್ಳಬೇಕಾಯಿತು. ತಿಂಗಳುಗಟ್ಟಲೆ ಕರೆಂಟ್ ಇರಲಿಲ್ಲ. ಆಗ ಅಧ್ಯಕ್ಷರಾಗಿದ್ದ ಟ್ರಂಪ್ ಅಲ್ಲಿಗೆ ಹೋಗಿ ಸಂತ್ರಸ್ತರ ಗುಂಪಿನತ್ತ ಪೇಪರ್ ಟವೆಲ್ ಉಂಡೆಗಳನ್ನು ಎಸೆದ ವಿಡಿಯೋ ಲೋಕವೆಲ್ಲ ನೋಡಿದೆ.

ಇನ್ನೊಂದು ಸಂಗತಿ. ಆ ದ್ವೀಪದಲ್ಲಿ ಕಸದ ಸಮಸ್ಯೆ ನಿಜವಾಗಿಯೂ ಇದೆ. ಕಸ ಸುರಿಯುವ ಜಾಗಗಳು ತುಂಬಿ ಹೋಗಿವೆ. ಮತ ಹಾಕುವ ಹಕ್ಕಿಲ್ಲದ ಜನ, ಕೈಕೊಟ್ಟ ಸರ್ಕಾರ, ಏರುತ್ತಿರುವ ಕಸದ ಗುಡ್ಡ. ಒಬ್ಬ ಜಾಣ ಕಾಮಿಡಿಯನ್‌ಗೆ ಇದರಲ್ಲಿ ಹತ್ತು ನಿಮಿಷದ ಸೆಟ್ ಇತ್ತು. ಅದಕ್ಕೆ ಓದಿಕೊಳ್ಳಬೇಕಿತ್ತು, ಕೆಲಸ ಮಾಡಬೇಕಿತ್ತು. ಹಿಂಚ್‌ಕ್ಲಿಫ್ ಅಷ್ಟು ಶ್ರಮ ತೆಗೆದುಕೊಳ್ಳಲಿಲ್ಲ. ಜಾಗದಲ್ಲಿ ಕಸ ಇದೆ ಎನ್ನುವುದನ್ನು ಜಾಗವೇ ಕಸ ಎಂದು ತಿರುಗಿಸಿಬಿಟ್ಟರು.

ಮುಂದೇನಾಯಿತು? ಆ ಜೋಕು ಟ್ರಂಪ್ ಅವರ ನಿಲುವಲ್ಲ ಎಂದು ಪ್ರಚಾರ ತಂಡ ಕೈ ತೊಳೆದುಕೊಂಡಿತು. ಟೀಕಿಸುವವರಿಗೆ ಹಾಸ್ಯಪ್ರಜ್ಞೆ ಇಲ್ಲ ಎಂದರು ಹಿಂಚ್‌ಕ್ಲಿಫ್. ಎರಡು ದಿನ ಬಿಟ್ಟು ಜೋ ಬೈಡನ್ ‘ಕಸ’ ಎಂಬ ಪದವನ್ನು ಟ್ರಂಪ್ ಬೆಂಬಲಿಗರ ಮೇಲೇ ಹಾಕಿದಂತೆ ಕೇಳುವ ಮಾತಾಡಿ ಎಡವಿದರು. ಮರುದಿನವೇ ಟ್ರಂಪ್ ಕಸದ ಲಾರಿ ಹತ್ತಿ ಕೂತು ಫೋಟೋ ತೆಗೆಸಿಕೊಂಡರು. ಚುನಾವಣೆಯನ್ನೂ ಗೆದ್ದರು. ಪೋರ್ಟೊ ರಿಕೊ ಮೂಲದ ಮತದಾರರು ದೊಡ್ಡ ಸಂಖ್ಯೆಯಲ್ಲಿರುವ ಪೆನ್ಸಿಲ್ವೇನಿಯಾವನ್ನೂ ಗೆದ್ದರು. ಕೆಲವೇ ತಿಂಗಳಲ್ಲಿ ಹಿಂಚ್‌ಕ್ಲಿಫ್‌ಗೆ ನೆಟ್‌ಫ್ಲಿಕ್ಸ್‌ನ ಒಪ್ಪಂದ ಸಿಕ್ಕಿತು.

ಹಾಗಾಗಿ ‘ಕ್ಯಾನ್ಸಲ್ ಕಲ್ಚರ್ ಕಾಮಿಡಿಯನ್ನು ಕೊಲ್ತಿದೆ’ ಎಂಬ ಗೋಳನ್ನು ಸ್ವಲ್ಪ ಉಪ್ಪು ಹಾಕಿಯೇ ನುಂಗಬೇಕು. 2021ರ ಮೇ ತಿಂಗಳಲ್ಲಿ ಇದೇ ಹಿಂಚ್‌ಕ್ಲಿಫ್, ತಮ್ಮನ್ನು ವೇದಿಕೆಗೆ ಪರಿಚಯಿಸಿದ ಚೀನಾ ಮೂಲದ ಕಾಮಿಡಿಯನ್ ಪೆಂಗ್ ಡ್ಯಾಂಗ್ ಅವರನ್ನು ಜನಾಂಗೀಯ ಬೈಗುಳದಲ್ಲಿ ಕರೆದಿದ್ದರು. ಅಟ್ಲಾಂಟಾದ ಸ್ಪಾಗಳಲ್ಲಿ 8 ಜನರನ್ನು ಗುಂಡಿಟ್ಟು ಕೊಂದು ಆಗಿನ್ನೂ ಎರಡು ತಿಂಗಳಾಗಿತ್ತು. ಸತ್ತವರಲ್ಲಿ 6 ಮಂದಿ ಏಷ್ಯಾ ಮೂಲದ ಹೆಂಗಸರು. ಏಜೆನ್ಸಿ ಹಿಂಚ್‌ಕ್ಲಿಫ್ ಅವರನ್ನು ಕೈಬಿಟ್ಟಿತು, ಒಂದಷ್ಟು ಶೋ ಹೋದವು. ಮೂರೇ ವರ್ಷದಲ್ಲಿ ಅವರು ದೇಶದ ಅತಿ ದೊಡ್ಡ ರಾಜಕೀಯ ವೇದಿಕೆಯ ಮೇಲಿದ್ದರು.

ಮಿಸ್ಡ್ ಕಾಲ್ ಜೋಕು

ಮಿಸ್ಡ್ ಕಾಲ್ ಕೊಡುವ ಕಾಲ ನೆನಪಿದೆಯಾ? ನಮ್ಮ ಕರೆನ್ಸಿ ಖರ್ಚಾಗಬಾರದು, ಆ ಕಡೆಯವರೇ ವಾಪಸ್ ಮಾಡಬೇಕು. ಜನಾಂಗ, ಬಣ್ಣ, ಪ್ರಾಂತ್ಯದ ಮೇಲೆ ಸಿದ್ಧಮಾದರಿ ಇಟ್ಟುಕೊಂಡು ಹೊಡೆಯುವ ಜೋಕು ಇಂಥದ್ದೇ. ಕಾಮಿಡಿಯನ್ ‘ಕಲ್ಲಂಗಡಿ’ ಅಂತಾನೆ, ‘ಮೋಮೋ’ ಅಂತಾನೆ, ಕಟ್ ಮಾಡ್ತಾನೆ. ಉಳಿದ ಖರ್ಚೆಲ್ಲ ನಮ್ಮದು. ಆ ಜನರ ಬಗ್ಗೆ ನಮ್ಮ ತಲೆಯಲ್ಲಿ ಮೊದಲೇ ಬಿದ್ದಿರುವ ಸರಕನ್ನು ನಾವೇ ತೆಗೆದು, ನಾವೇ ಜೋಡಿಸಿ, ನಾವೇ ನಗಬೇಕು.

ಕಲ್ಲಂಗಡಿಯ ಜೋಕನ್ನೇ ನೋಡಿ. ಅಮೆರಿಕದ ಇತಿಹಾಸ ಗೊತ್ತಿಲ್ಲದ ನಮ್ಮೂರಿನವರಿಗೆ ಅದು ಅರ್ಥವೇ ಆಗಲ್ಲ. ಹಣ್ಣು ಯಾರು ತಾನೇ ತಿನ್ನಲ್ಲ? ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರನ್ನು ಸೋಮಾರಿಗಳು, ಕೊಳಕರು, ಹೊಟ್ಟೆಬಾಕರು ಎಂದು ಬಿಂಬಿಸಲು ಕಾರ್ಟೂನು, ಪೋಸ್ಟ್‌ಕಾರ್ಡುಗಳಲ್ಲಿ ದಶಕಗಳ ಕಾಲ ಕಲ್ಲಂಗಡಿ ಹಣ್ಣನ್ನು ಬಳಸಿದರು. ಆ ಸರಕು ತಲೆಯಲ್ಲಿದ್ದರೆ ಮಾತ್ರ ನಗು ಬರುತ್ತೆ. ಅಂದ ಮೇಲೆ ಆ ನಗು ‘ನನಗೂ ಗೊತ್ತು, ನಿನಗೂ ಗೊತ್ತು, ಅವರು ಹಾಗೇನೇ’ ಎಂದು ಕೈ ಎತ್ತಿದ ಹಾಗೆ.

ಚುನಾವಣಾ ಸಭೆಗೆ ಇಂಥ ಜೋಕು ಸರಿಯಾಗಿ ಹೊಂದಿಕೊಳ್ಳುವುದೂ ಇದಕ್ಕೇ. ‘ವಲಸಿಗರು ಕೀಳು’ ಎಂದು ಭಾಷಣ ಮಾಡಿದರೆ ಅದು ಮಾರನೇ ದಿನದ ಹೆಡ್‌ಲೈನ್, ಉತ್ತರ ಕೊಡಬೇಕಾಗುತ್ತೆ. ಜೋಕು ಮಾಡಿದರೆ ಉತ್ತರ ಕೊಡುವ ಜವಾಬ್ದಾರಿ ಇಲ್ಲ, ಒಪ್ಪುವವರ ಸದ್ದು ಮಾತ್ರ ಕೇಳುತ್ತೆ. ನಕ್ಕವರಿಗೆ ‘ನಾವು ಇಷ್ಟೊಂದು ಜನ ಇದ್ದೀವಿ’ ಎಂಬ ಧೈರ್ಯ ಬರುತ್ತೆ. ಪ್ರಶ್ನೆ ಕೇಳಿದವರಿಗೆ ‘ಅಯ್ಯೋ, ಜೋಕು ಸ್ವಾಮಿ’ ಎಂಬ ಸಮಜಾಯಿಷಿ ಸಿದ್ಧವಾಗಿರುತ್ತೆ.

ತಮಾಷೆಯ ಹೆಸರು ಕಾನೂನಿಗೆ

ಜೋಕಿಗೂ ಕಾನೂನಿಗೂ ಎಲ್ಲಿಯ ಸಂಬಂಧ ಅನ್ನಿಸಬಹುದು. 1830ರ ಸುಮಾರಿಗೆ ಥಾಮಸ್ ರೈಸ್ ಎಂಬ ಬಿಳಿಯ ನಟ ಮುಖಕ್ಕೆ ಮಸಿ ಬಳಿದುಕೊಂಡು, ಕಪ್ಪು ಮನುಷ್ಯನ ನಡಿಗೆ, ಮಾತು, ಕುಣಿತ ಅಣಕಿಸುವ ಪಾತ್ರ ಮಾಡಿ ಅಮೆರಿಕದಲ್ಲಿ ಭಾರೀ ಹೆಸರು ಮಾಡಿದ. ‘ಮಿನ್‌ಸ್ಟ್ರೆಲ್ ಶೋ’ ಎಂಬ ಮನರಂಜನೆಯ ಉದ್ಯಮವೇ ಬೆಳೆಯಿತು. ಆ ನಗೆಪಾತ್ರದ ಹೆಸರು ಜಿಮ್ ಕ್ರೋ. ಮುಂದೆ ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ಬೋಗಿ, ಬೇರೆ ನಲ್ಲಿ ಎಂದು ಮಾಡಿದ ಕಾನೂನುಗಳಿಗೆ ಜನ ಇಟ್ಟ ಹೆಸರೂ ಅದೇ. ಆ ಕಾನೂನುಗಳು ಪೂರ್ತಿ ಹೋಗಲು 1960ರ ದಶಕದವರೆಗೂ ಹೋರಾಟ ಮಾಡಬೇಕಾಯಿತು. ನಗೆಪಾತ್ರವೇ ಆ ಕಾನೂನುಗಳನ್ನು ಹುಟ್ಟಿಸಿತು ಅಂತ ನಾನು ಹೇಳ್ತಿಲ್ಲ. ಆದರೆ ಇಡೀ ಸಮುದಾಯವನ್ನು ನಗೆಪಾಟಲು ಮಾಡಿಟ್ಟುಕೊಂಡ ಸಮಾಜಕ್ಕೆ ಅವರ ಹಕ್ಕು ಕಿತ್ತುಕೊಳ್ಳುವಾಗ ಹೆಚ್ಚು ಕಸಿವಿಸಿ ಆಗಲಿಲ್ಲ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವರು ಕಪ್ಪು ಕಾಮಿಡಿಯನ್‌ಗಳೇ. ರಿಚರ್ಡ್ ಪ್ರಯರ್ ಅವರ ಇಡೀ ಕಾಮಿಡಿಯಲ್ಲಿ ಕಪ್ಪು ಜನರನ್ನು ಹೀನೈಸುವ ಆ ಒಂದು ಪದ ತುಂಬಿತ್ತು. ಪದವನ್ನು ತಾವೇ ಬಳಸಿ ಅದರ ವಿಷ ತೆಗೆಯಬಹುದು ಎಂಬ ನಂಬಿಕೆ. 1979ರಲ್ಲಿ ಕೀನ್ಯಾಗೆ ಹೋಗಿಬಂದ ಮೇಲೆ ಅವರು ಆ ಪದವನ್ನು ಬಿಟ್ಟರು. ಬಿಟ್ಟೆ ಎಂದು ವೇದಿಕೆಯ ಮೇಲೇ ಹೇಳಿದರು.

ಕ್ರಿಸ್ ರಾಕ್ 1996ರಲ್ಲಿ ಮಾಡಿದ ಒಂದು ಸೆಟ್ ಕಪ್ಪು ಸಮುದಾಯದೊಳಗಿನವರನ್ನೇ ಎರಡು ಭಾಗ ಮಾಡಿ ಗೇಲಿ ಮಾಡುತ್ತಿತ್ತು. ಅವರನ್ನು ಸ್ಟಾರ್ ಮಾಡಿದ್ದೇ ಅದು. ಆಮೇಲೆ ಅವರೇ ಅದನ್ನು ನಿಲ್ಲಿಸಿದರು, ಯಾಕಂದ್ರೆ ಜನಾಂಗದ್ವೇಷ ಇರುವವರು ಅದನ್ನು ಆ ಪದ ಬಳಸಲು ಸಿಕ್ಕ ಲೈಸೆನ್ಸ್ ಅಂದುಕೊಂಡರು. ‘ದಿ ಆಫೀಸ್’ ಸೀರೀಸ್ ನೋಡಿದವರಿಗೆ ಇದು ಗೊತ್ತಿರುತ್ತೆ. ಮೈಕೆಲ್ ಸ್ಕಾಟ್ ಆಫೀಸಿನಲ್ಲಿ ಕ್ರಿಸ್ ರಾಕ್‌ನ ಆ ಸೆಟ್ ಅನ್ನು ಅನುಕರಿಸಿ ಪೇಚಿಗೆ ಸಿಕ್ಕಿಕೊಳ್ಳುವ ಎಪಿಸೋಡ್ ಇದೆಯಲ್ಲ, ಅದು ಇದೇ ಸಮಸ್ಯೆಯ ಮೇಲೆ ಕಟ್ಟಿದ್ದು.

ಇನ್ನು ಡೇವ್ ಶಪೆಲ್. 2005ರಲ್ಲಿ ಸುಮಾರು 5 ಕೋಟಿ ಡಾಲರ್‌ನ ಒಪ್ಪಂದ ಕೈಯಲ್ಲಿದ್ದಾಗ ಅವರು ತಮ್ಮ ಶೋ ಅರ್ಧಕ್ಕೆ ಬಿಟ್ಟು ದಕ್ಷಿಣ ಆಫ್ರಿಕಾಗೆ ಹೋಗಿಬಿಟ್ಟರು. ಮುಖಕ್ಕೆ ಮಸಿ ಬಳಿದುಕೊಂಡ ಪಾತ್ರವೊಂದನ್ನು ಶೂಟ್ ಮಾಡುವಾಗ ಸೆಟ್‌ನಲ್ಲಿದ್ದ ಒಬ್ಬ ಬಿಳಿಯ ಜೋರಾಗಿ ನಕ್ಕನಂತೆ. ಆ ನಗು ತನ್ನ ಜೊತೆಗಿನ ನಗುವಲ್ಲ ಎಂದು ಶಪೆಲ್‌ಗೆ ಅನ್ನಿಸಿತು. ಜನಾಂಗೀಯ ಸಿದ್ಧಮಾದರಿಯನ್ನು ಲೇವಡಿ ಮಾಡಲು ಬರೆದ ಸ್ಕಿಟ್, ಸಿದ್ಧಮಾದರಿಯನ್ನೇ ನಂಬುವವನಿಗೂ ಅಷ್ಟೇ ಖುಷಿ ಕೊಡುತ್ತಿತ್ತು.

ಮೂವರೂ ತಮ್ಮದೇ ಸಮುದಾಯದ ಬಗ್ಗೆ ಮಾತಾಡುತ್ತಿದ್ದವರು. ‘ಅವರೇ ಅವರ ಬಗ್ಗೆ ಜೋಕು ಮಾಡ್ತಾರೆ, ನಾವು ಮಾಡಿದ್ರೆ ತಪ್ಪಾ?’ ಎಂದು ಕೇಳುವವರು ಈ ಮೂರು ಕಥೆ ಓದಬೇಕು. ಒಳಗಿನವರೇ ಮಾಡಿದ ಜೋಕೂ ಹೊರಗೆ ಹೋದಾಗ ಏನಾಗುತ್ತೆ ಎಂದು ಅವರು ತಲೆಕೆಡಿಸಿಕೊಂಡರು, ಅದಕ್ಕೆ ಬೆಲೆಯನ್ನೂ ತೆತ್ತರು.

‘ರೋಸ್ಟ್ ಅಲ್ವಾ? ಎಲ್ಲರಿಗೂ ಒಂದೇ ಅಲ್ವಾ?’

ಇದು ಕಾಮೆಂಟ್‌ಗಳಲ್ಲಿ ಹೆಚ್ಚು ಕಾಣುವ ವಾದ. ಹಿಂಚ್‌ಕ್ಲಿಫ್ ಎಲ್ಲರನ್ನೂ ಉಗಿಯುತ್ತಾರೆ, ಅದು ರೋಸ್ಟ್ ಶೈಲಿ, ಸಮಾನತೆ ಅಂದ್ರೆ ಅದೇ ತಾನೇ ಅಂತ.

ನನಗೆ ರೋಸ್ಟ್ ಇಷ್ಟ. 2024ರ ಮೇ ತಿಂಗಳಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಫುಟ್‌ಬಾಲ್ ಆಟಗಾರ ಟಾಮ್ ಬ್ರೇಡಿಯ ರೋಸ್ಟ್ ಬಂತು. ಹಿಂಚ್‌ಕ್ಲಿಫ್ ಅಲ್ಲೂ ಇದ್ದರು. ಆ ಆಟಕ್ಕೊಂದು ನಿಯಮವಿದೆ. ಬೈಸಿಕೊಳ್ಳುವವನು ಅಲ್ಲೇ ಕುರ್ಚಿಯಲ್ಲಿ ಕೂತಿರುತ್ತಾನೆ. ಒಪ್ಪಿಕೊಂಡು ಬಂದಿರುತ್ತಾನೆ. ಕೊನೆಗೆ ಮೈಕ್ ಅವನ ಕೈಗೇ ಬರುತ್ತೆ, ಎಲ್ಲರಿಗೂ ತಿರುಗಿಸಿ ಕೊಡುತ್ತಾನೆ. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪೋರ್ಟೊ ರಿಕೊಗೆ ಕುರ್ಚಿ ಹಾಕಿರಲಿಲ್ಲ. ಕೊನೆಯಲ್ಲಿ ಮೈಕೂ ಕೊಡಲಿಲ್ಲ.

ಕುರ್ಚಿ ಹಾಕಿಬಿಟ್ಟರೂ ಎಲ್ಲ ಸರಿಹೋಗಲ್ಲ. 2016ರ ಸೆಪ್ಟೆಂಬರ್‌ನಲ್ಲಿ ನಟಿ ತನಿಷ್ಠಾ ಚಟರ್ಜಿ ‘ಪಾರ್ಚ್‌ಡ್’ ಸಿನಿಮಾದ ಪ್ರಚಾರಕ್ಕೆ ‘ಕಾಮಿಡಿ ನೈಟ್ಸ್ ಬಚಾವೋ’ ಎಂಬ ಹಿಂದಿ ಟಿವಿ ಶೋಗೆ ಹೋಗಿದ್ದರು. ರೋಸ್ಟ್ ಅಂದ್ರೆ ಏನು ಅಂತ ಗೊತ್ತಿದ್ದೇ ಹೋಗಿದ್ದರು. ಅಲ್ಲಿ ಸಿಕ್ಕಿದ್ದೆಲ್ಲ ಮೈಬಣ್ಣದ ಜೋಕು. ಚಿಕ್ಕಂದಿನಿಂದ ಎಷ್ಟು ನೇರಳೆ ಹಣ್ಣು ತಿಂದಿದ್ದೀರಿ ಎಂಬ ಥರದ್ದು. ಅವರು ಎದ್ದು ಬಂದರು, ಫೇಸ್‌ಬುಕ್‌ನಲ್ಲಿ ಬರೆದರು. ಆಮೇಲೆ ಚಾನೆಲ್ ಕ್ಷಮೆ ಕೇಳಿತು. ಅವರ ನಟನೆ, ಸಿನಿಮಾ, ಮಾತು ಯಾವುದರಲ್ಲೂ ಕಾಲೆಳೆಯೋಕೆ ಏನೂ ಸಿಗದವರಿಗೆ ಚರ್ಮ ಮಾತ್ರ ಸಿಕ್ಕಿತ್ತು. ಕಪ್ಪು ಬಣ್ಣ ಅಂದ್ರೆ ಕೆಳಜಾತಿ ಎಂಬ ನಮ್ಮ ದೇಶದ ಹಳೇ ಲೆಕ್ಕಾಚಾರ ಈ ಜೋಕುಗಳ ಅಡಿಯಲ್ಲಿದೆ ಎಂಬುದನ್ನೂ ಅವರು ಆ ಬರಹದಲ್ಲಿ ಎತ್ತಿದ್ದರು.

ಒಬ್ಬ ವ್ಯಕ್ತಿ ಮಾಡಿದ್ದನ್ನು ಗೇಲಿ ಮಾಡಿದರೆ ಅವನು ನಾಳೆ ಬದಲಾಗಬಹುದು, ವಾದಿಸಬಹುದು, ತಿರುಗಿ ಗೇಲಿ ಮಾಡಬಹುದು. ಹುಟ್ಟಿನಿಂದ ಬಂದದ್ದನ್ನು ಗೇಲಿ ಮಾಡಿದರೆ ಅವನಿಗಿರುವುದು ಎರಡೇ ದಾರಿ: ಎದ್ದು ಹೋಗುವುದು ಅಥವಾ ನನ್ನ ಗೆಳತಿಯ ಹಾಗೆ ನಗುವುದು.

ನಮ್ಮೂರಿನ ಲೆಕ್ಕ

ಅಮೆರಿಕದ ಕಥೆ ಹೇಳಿ ನಾವು ಒಳ್ಳೆಯವರು ಅಂತ ಸುಮ್ಮನಾಗುವ ಹಾಗಿಲ್ಲ.

2014ರ ಜನವರಿಯಲ್ಲಿ ದೆಹಲಿಯ ಲಾಜಪತ್ ನಗರದಲ್ಲಿ ಅರುಣಾಚಲ ಪ್ರದೇಶದ ವಿದ್ಯಾರ್ಥಿ ನಿಡೋ ತಾನಿಯಾ ಅವರ ಕೂದಲಿನ ಸ್ಟೈಲ್ ನೋಡಿ ಅಂಗಡಿಯವರು ಗೇಲಿ ಮಾಡಿದರು. ಅವರು ಸಿಟ್ಟಾದರು, ಜಗಳವಾಯಿತು, ಹೊಡೆದರು. ಮರುದಿನ ನಿಡೋ ತೀರಿಕೊಂಡರು. ಶುರುವಾದದ್ದು ಒಂದು ‘ತಮಾಷೆ’ಯಿಂದ. ಆಮೇಲೆ ಕೇಂದ್ರ ಸರ್ಕಾರ ಬೇಜ್‌ಬರುವಾ ಸಮಿತಿ ಮಾಡಿತು, ವರದಿಯೂ ಬಂತು.

ಅದಕ್ಕೂ ಮೊದಲು, 2012ರ ಆಗಸ್ಟ್‌ನಲ್ಲಿ ಬೆಂಗಳೂರಿನ ರೈಲ್ವೆ ಸ್ಟೇಷನ್‌ನಲ್ಲಿ ಈಶಾನ್ಯದ ಸಾವಿರಾರು ಜನ ಗುವಾಹಟಿಯ ರೈಲು ಹತ್ತಲು ನಿಂತಿದ್ದರು. ದಾಳಿ ಆಗುತ್ತೆ ಎಂಬ ವದಂತಿಯ ಎಸ್ಸೆಮ್ಮೆಸ್‌ಗಳು ಹರಿದಾಡಿದ್ದವು. ವದಂತಿ ಸುಳ್ಳು. ಆದರೆ ಅಷ್ಟು ಜನ ಅದನ್ನು ಒಂದೇ ರಾತ್ರಿಯಲ್ಲಿ ನಂಬಿದ್ದು ಯಾಕೆ? ವರ್ಷಗಟ್ಟಲೆ ಬೀದಿಯಲ್ಲಿ, ಬಸ್ಸಲ್ಲಿ ‘ಚಿಂಕಿ’ ಅಂತ ಕರೆಸಿಕೊಂಡವರಿಗೆ ಈ ಊರು ಕಷ್ಟಕಾಲಕ್ಕೆ ತಮ್ಮ ಜೊತೆ ನಿಲ್ಲುತ್ತೆ ಎಂಬ ಭರವಸೆ ಇರಲಿಲ್ಲ ಅನ್ನೋದು ನನ್ನ ಅನಿಸಿಕೆ.

2016ರಲ್ಲಿ ಬೆಂಗಳೂರಿನಲ್ಲೇ ಸುಡಾನ್ ಪ್ರಜೆಯೊಬ್ಬರ ಕಾರು ಅಪಘಾತ ಮಾಡಿತು. ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ಬಂದ, ಆ ಅಪಘಾತಕ್ಕೆ ಸಂಬಂಧವೇ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಸುಡಾನ್ ಯಾವುದು, ಟಾಂಜಾನಿಯಾ ಯಾವುದು ಎಂದು ಗುಂಪಿಗೆ ಬೇಕಿರಲಿಲ್ಲ. ‘ಇವರೆಲ್ಲ ಒಂದೇ’ ಎನ್ನುವುದೇ ಸಿದ್ಧಮಾದರಿಯ ಮೂಲಪಾಠ. ಜೋಕಿನಲ್ಲಿ ಅದನ್ನು ಕಲಿಯುವುದು ಸುಲಭ, ಹಿತವೂ ಹೌದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಸಿದ್ದಿ ಜನರನ್ನು ಕೇಳಿ. ತಲೆಮಾರುಗಳಿಂದ ಇಲ್ಲೇ ಬಾಳಿ ಬದುಕಿ, ಕನ್ನಡ ಮಾತಾಡಿದರೂ ಅವರು ತಮ್ಮದೇ ರಾಜ್ಯದಲ್ಲಿ ‘ಯಾವ ದೇಶ?’ ಎಂಬ ಪ್ರಶ್ನೆಗೆ ಉತ್ತರಿಸುತ್ತಲೇ ಇರಬೇಕು.

ನಮ್ಮ ಕನ್ನಡ ಸಿನಿಮಾದ ಕಾಮಿಡಿ ಟ್ರ್ಯಾಕ್‌ಗಳೂ ಏನು ಕಮ್ಮಿಯಿಲ್ಲ. ಕಪ್ಪಗಿರುವ ಹುಡುಗಿ ಬಂದರೆ ಹೀರೋನ ಗೆಳೆಯ ಬೆಚ್ಚಿಬೀಳಬೇಕು, ತೊದಲುವವನು ಬಂದರೆ ಹಿನ್ನೆಲೆಯಲ್ಲಿ ‘ಟೊಂಯ್’ ಅನ್ನಬೇಕು, ಉತ್ತರ ಕರ್ನಾಟಕದ ಮಾತು ಅಡುಗೆಯವನ ಬಾಯಲ್ಲೋ ಪೆದ್ದನ ಬಾಯಲ್ಲೋ ಬರಬೇಕು. ಓಪನ್ ಮೈಕ್‌ನ ಆ ಹುಡುಗನೂ ನಾನೂ ಇದನ್ನೇ ನೋಡಿ ಬೆಳೆದವರು.

ಹಾಗಾದ್ರೆ ಬ್ಯಾನ್ ಮಾಡೋಣವಾ?

ಬೇಡ. ಇದನ್ನು ನಾನು ಹಿಂಜರಿಕೆಯಿಲ್ಲದೆ ಹೇಳ್ತೀನಿ.

2021ರ ಜನವರಿ 1ರಂದು ಇಂದೋರ್‌ನಲ್ಲಿ ಮುನವ್ವರ್ ಫಾರೂಕಿಯನ್ನು ಬಂಧಿಸಿದರು. ಆರೋಪ ಧಾರ್ಮಿಕ ಭಾವನೆಗೆ ಧಕ್ಕೆ. ಆ ದಿನ ಅವರು ಆ ಜೋಕುಗಳನ್ನು ಹೇಳಿಯೇ ಇರಲಿಲ್ಲ, ಶೋ ಸರಿಯಾಗಿ ಶುರುವಾಗುವ ಮೊದಲೇ ತಡೆದಿದ್ದರು. ಸುಪ್ರೀಂ ಕೋರ್ಟ್ ಮಧ್ಯಂತರ ಜಾಮೀನು ಕೊಡುವವರೆಗೆ ಒಂದು ತಿಂಗಳಿಗೂ ಹೆಚ್ಚು ಜೈಲಿನಲ್ಲಿದ್ದರು. ಅದೇ ವರ್ಷ ನವೆಂಬರ್ 28ಕ್ಕೆ ಬೆಂಗಳೂರಿನಲ್ಲಿ ಅವರ ಶೋ ಇತ್ತು. 600ಕ್ಕೂ ಹೆಚ್ಚು ಟಿಕೆಟ್ ಮಾರಾಟವಾಗಿತ್ತು ಎಂದು ಅವರು ಹೇಳಿದ್ದರು. ಕಾನೂನು ಸುವ್ಯವಸ್ಥೆಯ ಕಾರಣ ಕೊಟ್ಟು, ಅವರು ವಿವಾದಿತ ವ್ಯಕ್ತಿ ಎಂದು ಬರೆದು, ನಮ್ಮ ಪೊಲೀಸರು ಶೋ ನಿಲ್ಲಿಸಿದರು.

ಕಾನೂನಿನ ಕೈಗೆ ಕೋಲು ಕೊಟ್ಟರೆ ಅದು ಯಾರ ಬೆನ್ನಿಗೆ ಬೀಳುತ್ತೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಸರ್ದಾರ್ ಜೋಕುಗಳನ್ನು ನಿಷೇಧಿಸಿ ಎಂದು ಸುಪ್ರೀಂ ಕೋರ್ಟ್‌ಗೆ ಅರ್ಜಿ ಹೋದಾಗ, ನಾಗರಿಕರು ಹೇಗೆ ನಡೆದುಕೊಳ್ಳಬೇಕು ಎಂಬ ನೈತಿಕ ನಿಯಮಾವಳಿಯನ್ನು ಕೋರ್ಟ್ ರೂಪಿಸಲಾಗದು ಎಂದು 2017ರಲ್ಲಿ ಹೇಳಿತು. ನನ್ನ ಮಟ್ಟಿಗೆ ಅದು ಸರಿಯಾದ ಉತ್ತರ. ಸಿಖ್ ಸಮುದಾಯದ ನೋವು ಸುಳ್ಳು ಅಂತ ಇದರರ್ಥವಲ್ಲ. ಆ ನೋವಿಗೆ ಉತ್ತರ ಕೊಡಬೇಕಾದವರು ನಾವು, ಪೊಲೀಸರಲ್ಲ.

ಜಾರ್ಜ್ ಕಾರ್ಲಿನ್ ಈ ಎರಡನ್ನೂ ಒಟ್ಟಿಗೆ ಹಿಡಿದವರು. ವೇದಿಕೆಯ ಮಾತಿಗಾಗಿ 1972ರಲ್ಲಿ ಅವರನ್ನೇ ಪೊಲೀಸರು ಬಂಧಿಸಿದ್ದರು. 1990ರಲ್ಲಿ ಲ್ಯಾರಿ ಕಿಂಗ್ ಅವರಿಗೆ ಕೊಟ್ಟ ಸಂದರ್ಶನದಲ್ಲಿ ಆಂಡ್ರ್ಯೂ ಡೈಸ್ ಕ್ಲೇ ಎಂಬ ಕಾಮಿಡಿಯನ್ ಬಗ್ಗೆ ಪ್ರಶ್ನೆ ಬಂತು. ಅವನಿಗೆ ಹೇಳುವ ಹಕ್ಕಿದೆ ಎಂದರು ಕಾರ್ಲಿನ್. ಆಮೇಲೆ, ಕಾಮಿಡಿ ಯಾವಾಗಲೂ ಅಧಿಕಾರದಲ್ಲಿ ಇರುವವರನ್ನು ಗುರಿ ಮಾಡಿಕೊಂಡು ಬಂದಿದೆ, ಇವನು ಹೆಂಗಸರು, ಸಲಿಂಗಿಗಳು, ವಲಸಿಗರನ್ನು ಗುರಿ ಮಾಡುತ್ತಿದ್ದಾನೆ, ಅದು ನನಗೆ ವಿಚಿತ್ರವಾಗಿ ಕಾಣುತ್ತೆ ಎಂಬರ್ಥದ ಮಾತು ಹೇಳಿದರು. ಹಕ್ಕಿದೆ ಎನ್ನುವುದೂ, ಚೆನ್ನಾಗಿಲ್ಲ ಎನ್ನುವುದೂ ಒಂದೇ ಬಾಯಲ್ಲಿ ಬರಬಹುದು. ನಮ್ಮ ಚರ್ಚೆಗಳಲ್ಲಿ ಈಗ ಸಿಗದೇ ಇರುವುದು ಇದೇ. ‘ಇದು ಕೆಟ್ಟ ಜೋಕು’ ಅಂದ ತಕ್ಷಣ ‘ಹಾಗಾದ್ರೆ ಜೈಲಿಗೆ ಹಾಕ್ತೀರಾ?’ ಅಂತ ಕೇಳ್ತಾರೆ.

‘ಏನು ಬೇಕಾದ್ರೂ ಹೇಳೋದೇ ಕಾಮಿಡಿ’ ಎನ್ನುವವರ ಧೈರ್ಯಕ್ಕೂ ಒಂದು ಪರೀಕ್ಷೆ ಆಗಿಹೋಗಿದೆ. 2025ರ ಶರತ್ಕಾಲದಲ್ಲಿ ಸೌದಿ ಅರೇಬಿಯಾದ ರಿಯಾದ್ ಕಾಮಿಡಿ ಫೆಸ್ಟಿವಲ್‌ಗೆ ಶಪೆಲ್, ಬಿಲ್ ಬರ್, ಕೆವಿನ್ ಹಾರ್ಟ್ ಥರದ ಘಟಾನುಘಟಿಗಳು ಹೋದರು. ರಾಜಮನೆತನ ಮತ್ತು ಧರ್ಮದ ಬಗ್ಗೆ ಜೋಕು ಮಾಡುವಂತಿಲ್ಲ ಎಂಬ ಷರತ್ತು ತಮಗೆ ಬಂದಿತ್ತು ಎಂದು ಆಹ್ವಾನ ನಿರಾಕರಿಸಿದ ಅಟ್ಸುಕೊ ಒಕಟ್ಸುಕಾ ಬಹಿರಂಗ ಮಾಡಿದರು. ಅಂದರೆ ಎಲ್ಲರಿಗೂ ಗೆರೆ ಇದೆ. ರಾಜನ ಮುಂದೆ ಎಳೆದುಕೊಳ್ಳುವ ಗೆರೆ, ವಲಸೆ ಕೂಲಿಯವನ ಮುಂದೆ ಯಾಕೆ ಅಳಿಸಿಹೋಗುತ್ತೆ ಅನ್ನೋದಷ್ಟೇ ಪ್ರಶ್ನೆ. 2005ರಲ್ಲಿ ಒಂದು ನಗುವಿಗೆ ಬೆಚ್ಚಿ ಕೋಟಿಗಳನ್ನು ಬಿಟ್ಟುಹೋದ ಶಪೆಲ್ ಅಲ್ಲಿದ್ದದ್ದು ನನಗಂತೂ ಬೇಸರ ತಂದಿತು.

ನಗದೇ ಇರುವ ಸ್ವಾತಂತ್ರ್ಯ

ಕಾಮಿಡಿಯನ್‌ಗೆ ಹೇಳುವ ಸ್ವಾತಂತ್ರ್ಯ ಇದೆ. ನಮಗೆ ನಗದೇ ಇರುವ ಸ್ವಾತಂತ್ರ್ಯ ಇದೆ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಓಪನ್ ಮೈಕ್ ಮಾಡುವವರನ್ನು ಕೇಳಿ ನೋಡಿ, ಅವರು ಹೊಸ ಸೆಟ್ ತಿದ್ದುವುದೇ ಎಲ್ಲಿ ನಗು ಬಂತು, ಎಲ್ಲಿ ಬರಲಿಲ್ಲ ಎಂಬ ಲೆಕ್ಕದ ಮೇಲೆ. ಆವತ್ತು ಆ ಮಹಡಿಯಲ್ಲಿ ಐವತ್ತು ಜನರ ಪೈಕಿ ಹತ್ತು ಜನ ಸುಮ್ಮನಿದ್ದಿದ್ದರೆ ಆ ಹುಡುಗ ಮುಂದಿನ ವಾರ ಆ ಭಾಗವನ್ನು ಬಿಡುತ್ತಿದ್ದ. ಕೇಸು ಬೇಡ, ಮುತ್ತಿಗೆ ಬೇಡ, ಟ್ರೋಲ್ ಬೇಡ. ಮತ್ತು ನನ್ನ ಗೆಳತಿ ಒಬ್ಬಳೇ ಕಂದಾಯ ಕಟ್ಟಬೇಕಾಗುತ್ತಿರಲಿಲ್ಲ. ನಾನು ಸುಮ್ಮನಿದ್ದಿದ್ದರೆ ಅವಳಿಗೂ ಸುಮ್ಮನಿರುವ ಧೈರ್ಯ ಬರುತ್ತಿತ್ತೇನೋ. ಆ ಲೆಕ್ಕದಲ್ಲಿ ನಾನು ಇನ್ನೂ ಬಾಕಿದಾರ.

ಆಮೇಲೊಂದು ದಿನ ಆಫೀಸ್ ಕ್ಯಾಂಟೀನ್‌ನಲ್ಲಿ ಅವಳು ಬಾಡಿಗೆ ಮನೆ ಹುಡುಕಿದ ಕಥೆ ಹೇಳಿದಳು. ಓನರ್ ಅಂಕಲ್ ಅವಳ ಆಧಾರ್ ಕಾರ್ಡನ್ನು ತಿರುಗಿಸಿ ಮುರುಗಿಸಿ, ಬೆಳಕಿಗೆ ಹಿಡಿದು ನೋಡಿ, ಕೊನೆಗೆ ಮೆಚ್ಚುಗೆಯಿಂದ ತಲೆಯಾಡಿಸಿದರಂತೆ.

‘ಪರವಾಗಿಲ್ವೇ, ನಿಮ್ಮ ದೇಶದಲ್ಲೂ ಆಧಾರ್ ಕೊಡ್ತಾರಾ?’

ಟೇಬಲ್‌ನಲ್ಲಿದ್ದ ನಾವೆಲ್ಲ ಕಾಫಿ ಚೆಲ್ಲುವಷ್ಟು ನಕ್ಕೆವು. ಆ ಅಂಕಲ್ ನಮ್ಮ ಕಡೆಯವರೇ, ನಮ್ಮ ಮನೆಯಲ್ಲೂ ಅಂಥವರು ಇದ್ದಾರೆ. ಈ ಸಲ ಅವಳೂ ನಗುತ್ತಿದ್ದಳು, ಯಾರ ಮುಖವನ್ನೂ ನೋಡದೆ.